ಕಮಿಟಿಗಾಗಿ ಕಾದಿಟ್ಟ ಯಂತ್ರ

ನಾನು ಒಂದು ಎನ್‌ಎಂಆರ್ ಯಂತ್ರ. ಹೆಸರು ಕೇಳಿ ಹೆದರಬೇಡಿ, ಹೆಸರಿನಷ್ಟು ದೊಡ್ಡ ಕೆಲಸವನ್ನೇನೂ ನಾನು ಮಾಡಿಲ್ಲ. ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನೋಡಿರುತ್ತೀರಿ, ಅದು ನನ್ನ ದಾಯಾದಿ. ಅದು ಮನುಷ್ಯರ ಮೈಯೊಳಗೆ ಇಣುಕುತ್ತದೆ. ನಾನು ಗಾಜಿನ ಕೊಳವೆಯಲ್ಲಿ ಹಾಕಿಕೊಟ್ಟ ವಸ್ತುವಿನೊಳಗೆ ಇಣುಕಿ, ಇದು ಇಂಥದ್ದೇ, ಇದರ ಕಣಗಳು ಹೀಗೆ ಹೆಣೆದುಕೊಂಡಿವೆ ಎಂದು ಗೆರೆ ಎಳೆದು ತೋರಿಸುತ್ತೇನೆ. ತೋರಿಸಬೇಕಾಗಿತ್ತು ಅನ್ನುವುದೇ ಸರಿ.

ಹುಟ್ಟಿದ್ದು ಹಿಮ ಬೀಳುವ ದೇಶದ ಒಂದು ಕಾರ್ಖಾನೆಯಲ್ಲಿ. ಸಣ್ಣ ತಂತಿಯನ್ನು ಮೈಲುಗಟ್ಟಲೆ ಸುತ್ತಿ ನನ್ನ ಹೊಟ್ಟೆ ಕಟ್ಟಿದರು. ಆ ತಂತಿಗೆ ಊಹಿಸಲಾಗದಷ್ಟು ಚಳಿ ಬೇಕು, ಅದಕ್ಕೆಂದೇ ನನ್ನೊಳಗೆ ದ್ರವ ಹೀಲಿಯಂ ತುಂಬುತ್ತಾರೆ. ಅದೇ ನನ್ನ ಅನ್ನ. ಅದು ದಿನವೂ ಒಂದಿಷ್ಟು ಆವಿಯಾಗಿ ಹೋಗುತ್ತಲೇ ಇರುತ್ತದೆ, ಆಗಾಗ ಮತ್ತೆ ತುಂಬಬೇಕು. ತುಂಬದೆ ಬಿಟ್ಟರೆ ತಂತಿ ಬಿಸಿಯಾಗಿ ನನ್ನ ಕಾಂತಶಕ್ತಿಯೆಲ್ಲ ಒಂದೇ ಏಟಿಗೆ ಹೋಗಿಬಿಡುತ್ತದೆ. ದುಡಿದರೂ ನಾನು ಅಷ್ಟೇ ತಿನ್ನುತ್ತೇನೆ, ಸುಮ್ಮನೆ ಕೂತರೂ ಅಷ್ಟೇ ತಿನ್ನುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನನ್ನ ಹುಟ್ಟುಗುಣವೇ ಅದು.

ಬಾಗಲಕೋಟೆ ಸೀಮೆಯ ಮೂರು ಕಾಲೇಜುಗಳು ನನ್ನನ್ನು ತರಿಸಿದವು. ಕೂಡಿ ಕೆಲಸ ಮಾಡುವವರಿಗೆ ಮಾತ್ರ ಅನುದಾನ ಎಂದು ಸರಕಾರ ಹೇಳಿತ್ತು. ಒಬ್ಬರ ಮುಖ ಒಬ್ಬರು ನೋಡದ ಮೂರು ರಸಾಯನಶಾಸ್ತ್ರ ವಿಭಾಗಗಳು ಹಾಗಾಗಿ ಒಂದಾಗಿ, ನೈಸರ್ಗಿಕ ಬಣ್ಣಗಳ ಸಂಶೋಧನಾ ಕೇಂದ್ರ ಕಟ್ಟಿದವು. ಮೊದಲ ಕಂತಿನಲ್ಲಿ ನಾನು ಬಂದೆ. ನನ್ನ ಒಂದು ವರ್ಷದ ಹೀಲಿಯಂ ಬಂತು, ಸಂಶೋಧನೆ ಮಾಡುವ ಹುಡುಗ ಹುಡುಗಿಯರಿಗೆ ಒಂದು ವರ್ಷದ ಫೆಲೋಶಿಪ್ ಬಂತು. ಎರಡನೆಯ ಕಂತು ಬರುವುದು ತಜ್ಞರ ಕಮಿಟಿ ಬಂದು ನೋಡಿ ಒಪ್ಪಿದ ಮೇಲೆ.

ಲಾರಿಯಿಂದ ಇಳಿಸಿದ ದಿನ ನನಗೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದರು. ಪೇಢೆ ಹಂಚಿದರು. ಕಂಪನಿಯ ಎಂಜಿನಿಯರುಗಳು ನನ್ನನ್ನು ಜೋಡಿಸಿ, ಹೀಲಿಯಂ ಉಣ್ಣಿಸಿ, ಎಬ್ಬಿಸಿ, ಎಲ್ಲ ಸರಿಯಿದೆ ಎಂದು ಹೇಳಿ ಹೋದರು. ಆಗ ಶುರುವಾಯಿತು ನೋಡಿ, ಯಾರ ಸ್ಯಾಂಪಲ್ ಮೊದಲು ಎನ್ನುವ ಜಗಳ. ನಮ್ಮದೇ ಮೊದಲು ಎಂದು ಮೂರೂ ಕಾಲೇಜಿನವರು ನನ್ನ ಎದುರೇ ಹಟ ಹಿಡಿದು ನಿಂತರು. ಕೊನೆಗೆ ಕೇಂದ್ರದ ನಿರ್ದೇಶಕರೂ ನನ್ನನ್ನು ಇಟ್ಟಿದ್ದ ಕಾಲೇಜಿನವರೂ ಆದ ಚೌಕಿಮಠ ಸರ್ ಒಂದು ದಾರಿ ಹುಡುಕಿದರು.

"ಯಾರದೂ ಹಾಕೂದು ಬ್ಯಾಡ್ರಿ. ಕಮಿಟಿ ಬಂದು ಹೊಸಾ ಮಷೀನ್ ಹೊಸಾದಂಗ ನೋಡ್ಲಿ. ಎರಡನೇ ಕಂತು ಕೈಗೆ ಬಂದ ಮ್ಯಾಲ ಬೇಕಾದಂಗ ಬಳಸೂಣು."

ಮೂರೂ ಕಾಲೇಜುಗಳು ಒಪ್ಪಿದ ಮೊದಲ ಮಾತು ಅದು. ನನ್ನ ಮೈಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಹಾಗೇ ಬಿಟ್ಟರು. ಹೊಸ ಸೋಫಾ ತಂದವರ ಮನೆಗೆ ನೀವು ಹೋಗಿದ್ದರೆ ಗೊತ್ತಿರುತ್ತದೆ, ಕೂತರೆ ಚರಚರ ಎನ್ನುತ್ತದೆ, ಬಂದವರು ನೋಡಿ ಹೊಗಳುವ ತನಕ ಪ್ಲಾಸ್ಟಿಕ್ ತೆಗೆಯುವುದಿಲ್ಲ. ಚೌಕಿಮಠ ಸರ್ ಕೆಟ್ಟವರೆಂದು ಮಾತ್ರ ತಿಳಿಯಬೇಡಿ. ಒಡೆದ ಬೀಕರು, ಕಿಲುಬು ಹಿಡಿದ ನಲ್ಲಿಗಳ ನಡುವೆ ಪಾಠ ಮಾಡಿ ತಲೆ ಬೆಳ್ಳಗಾದ ಮನುಷ್ಯ ಅವರು. ನನ್ನಂಥದ್ದು ಅವರ ಕೈಗೆ ಸಿಕ್ಕಿದ್ದು ಮೊದಲ ಸಲ. ಬೆಳಿಗ್ಗೆ ಬಂದ ಕೂಡಲೇ ತಮ್ಮ ಕರ್ಚೀಫಿನಿಂದ ನನ್ನ ಧೂಳು ಒರೆಸಿ, ಕದಕ್ಕೆ ಕೀಲಿ ಹಾಕಿ ಹೋಗುತ್ತಿದ್ದರು.

ಆ ಕದದ ಆಚೆ ನಿಲ್ಲುತ್ತಿದ್ದವಳು ದಾಕ್ಷಾಯಣಿ ನೀಲಗಾರ. ಗುಳೇದಗುಡ್ಡದವಳು, ರವಿಕೆಯ ಖಣದ ನೂಲಿಗೆ ಬಣ್ಣ ಹಾಕುವ ಮನೆತನ. ಚೌಕಿಮಠ ಸರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ದಾಳಿಂಬೆ ಸಿಪ್ಪೆಯನ್ನು ಕುದಿಸಿ, ಸೋಸಿ, ಬೇರ್ಪಡಿಸಿ, ವರ್ಷಗಟ್ಟಲೆ ಹೆಣಗಾಡಿ ಒಂದು ಚಿಟಿಕೆ ಹಳದಿ ಪುಡಿ ತೆಗೆದಿದ್ದಳು. ನೂಲಿಗೆ ಹತ್ತಿದರೆ ಎಷ್ಟು ಒಗೆದರೂ ಬಿಡದ ಹಳದಿ. ಇದು ಇಲ್ಲಿಯವರೆಗೆ ಯಾರೂ ಕಾಣದ ವಸ್ತು ಎಂದು ಅವಳ ನಂಬಿಕೆ. ಬರೀ ನಂಬಿಕೆಗೆ ಯಾರೂ ಡಿಗ್ರಿ ಕೊಡುವುದಿಲ್ಲ. ನಾನು ನೋಡಿ ಹೌದೆನ್ನಬೇಕಿತ್ತು.

"ಸರ್, ಒಂದ ಸ್ಯಾಂಪಲ್ ರೀ. ಅರ್ಧಾ ತಾಸಿನ ಕೆಲಸ."

"ನಿಂದು ಹಾಕಿದ್ರ ಉಳಿದ ಎರಡೂ ಕಾಲೇಜಿನವ್ರು ಸುಮ್ನ ಬಿಡ್ತಾರೇನವಾ?"

"ಹಂಗಾರ ಹೊರಗ ಎಲ್ಲ್ಯರ ಕಳಸ್ತೀನ್ರಿ. ಈ ಪುಡಿ ಭಾಳ ದಿನ ತಾಳೂದಿಲ್ಲ."

"ನಮ್ಮಲ್ಲೆ ಮಷೀನ್ ಇಟ್ಕೊಂಡು ಹೊರಗ ಕಳಿಸಿದ್ರ ಕಮಿಟಿ ಏನಂತದ? ಇವರಿಗೆ ಮಷೀನ್ ಯಾಕ ಬೇಕಿತ್ತು ಅಂತದ. ಸ್ವಲ್ಪ ತಡ್ಕೋ."

"ಬಳಸಿದ್ರೂ ಬಳಸದಿದ್ರೂ ಹೀಲಿಯಂ ಅಂತೂ ಖಾಲಿ ಆಗೂದ ರೀ ಸರ್."

"ಗೊತ್ತದವಾ. ಆದ್ರ ಹೊಸಾದು ಹೊಸಾದಂಗ ಕಾಣಬೇಕಲಾ."

ಅವಳು ಪುಡಿಯ ಸೀಸೆಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಂಡು ಕಾದಳು. ಕಮಿಟಿ ಈ ತಿಂಗಳು ಬರುತ್ತದೆ ಎಂದರು, ಮುಂದಿನ ತಿಂಗಳು ಎಂದರು, ಹಬ್ಬ ಮುಗಿಯಲಿ ಎಂದರು. ನಡುವೆ ಹೀಲಿಯಂ ಹೊತ್ತ ಲಾರಿ ಮಾತ್ರ ತಪ್ಪದೆ ಬರುತ್ತಿತ್ತು. ನನ್ನ ನೆತ್ತಿಗೆ ಕೊಳವೆ ಚುಚ್ಚಿ ಉಣ್ಣಿಸುವಾಗ ದಾಕ್ಷಾಯಣಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನನ್ನ ಒಂದು ಊಟದ ಖರ್ಚಿನಲ್ಲಿ ಅವಳು ಎಷ್ಟೋ ತಿಂಗಳು ಬದುಕಬಹುದಿತ್ತು. ಅವಳ ಎದುರು ಉಣ್ಣುವಾಗ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ತಿಂದು ತಿಂದು ಕೂತ ಸೋಮಾರಿ ಅಳಿಯನಿಗೂ ನನಗೂ ಏನು ವ್ಯತ್ಯಾಸ ಹೇಳಿ!

ಕಡೆಗೊಮ್ಮೆ ಕಮಿಟಿ ಬಂತು. ಅಧ್ಯಕ್ಷೆ ಮೈಸೂರು ಕಡೆಯ ಹಿರಿಯ ವಿಜ್ಞಾನಿ. ಶಾಲು, ಹಾರ ಎಲ್ಲ ಪಕ್ಕಕ್ಕಿಟ್ಟು ನೇರ ನನ್ನ ಬಳಿ ಬಂದು, ಮೈಮೇಲಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಮೀಟಿದರು.

"ಇದನ್ನ ಯಾಕೆ ಇನ್ನೂ ತೆಗೆದಿಲ್ಲ?"

"ಒಂದ ಗೀರು ಸುದ್ದಾ ಬಿದ್ದಿಲ್ಲ ನೋಡ್ರಿ ಮೇಡಂ," ಎಂದರು ಚೌಕಿಮಠ ಸರ್. ಅವರ ಮುಖ ಅರಳಿತ್ತು.

"ಅದು ಕಾಣಿಸ್ತಿದೆ. ಇಲ್ಲೀವರೆಗೂ ಯಾರ ಸ್ಯಾಂಪಲ್ ಹಾಕಿದೀರಿ?"

"ನಿಮ್ಮ ಕೈಯಿಂದನ ಶುರು ಆಗ್ಲಿ ಅಂತ ಕಾದೀವ್ರಿ."

ಅಧ್ಯಕ್ಷೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಹೊರಗೆ ಹೋದರು. ಮದುವೆಗೆ ಹೆಣ್ಣನ್ನು ಅಲಂಕರಿಸಿ ಕೂರಿಸಿದ ಮೇಲೆ ಗಂಡಿನ ಕಡೆಯವರು ಮುಖ ತಿರುಗಿಸಿ ಎದ್ದು ಹೋದರೆ ಹೇಗಿರುತ್ತದೆ, ಹಾಗಿತ್ತು ನನಗೆ. ಬಳಸದ ಯಂತ್ರಕ್ಕೆ ಇನ್ನಷ್ಟು ಅನುದಾನ ಯಾಕೆ ಎಂದು ಕಮಿಟಿ ವರದಿ ಕೊಟ್ಟಿತು. ಅವರದೇನೂ ತಪ್ಪಿಲ್ಲ, ನಾನಾದರೂ ಅದನ್ನೇ ಬರೆಯುತ್ತಿದ್ದೆ.

ಎರಡನೆಯ ಕಂತು ನಿಂತಿತು. ಉಳಿದ ಎರಡು ಕಾಲೇಜಿನವರು ನಿಮ್ಮಿಂದಲೇ ಹೀಗಾಯಿತು ಎಂದು ಬೈದು ದೂರ ಸರಿದರು. ಹೀಲಿಯಂ ಲಾರಿ ನಿಂತಿತು. ದಾಕ್ಷಾಯಣಿಯ ಫೆಲೋಶಿಪ್ಪೂ ನಿಂತಿತು, ಅವಳು ಊರಿಗೆ ಹೊರಡಲು ಚೀಲ ಕಟ್ಟಿಕೊಂಡಳು. ಆಗ ಚೌಕಿಮಠ ಸರ್ ತಾವೇ ಹೋಗಿ ಅವಳನ್ನು ಕರೆದರು.

"ಇದರ ಜೀವಾ ಇನ್ನ ಭಾಳ ದಿನ ಇಲ್ಲ. ನಿನ್ನ ಪುಡಿ ತಗೊಂಡು ಬಾ ತಂಗಿ."

ಅವತ್ತು ಅವರು ತಮ್ಮ ಕೈಯಾರೆ ಪ್ಲಾಸ್ಟಿಕ್ಕನ್ನು ಪರಪರ ಹರಿದು ಹಾಕಿದರು. ದಾಕ್ಷಾಯಣಿ ಸೀಸೆ ತೆಗೆದಳು. ಹಳದಿ ಹೋಗಿ ಪುಡಿ ತಂಬಾಕಿನ ಬಣ್ಣಕ್ಕೆ ತಿರುಗಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ಕರಗಿಸಿ, ಕೊಳವೆಗೆ ಹಾಕಿ, ನನ್ನೊಳಗೆ ಇಳಿಸಿದಳು. ನನ್ನ ಬದುಕಿನ ಮೊದಲ ಕೆಲಸ ಅದು. ಇದ್ದಬದ್ದ ಶಕ್ತಿಯೆಲ್ಲ ಒಟ್ಟುಗೂಡಿಸಿ ನೋಡಿದೆ. ಒಳಗಿದ್ದುದೆಲ್ಲ ಮುರಿದು ಚೂರಾಗಿತ್ತು. ಅದು ಮೊದಲು ಏನಾಗಿತ್ತೆಂದು ಹೇಳುವ ವಿದ್ಯೆ ನನಗಿಲ್ಲ, ಈಗ ಏನಿದೆ ಎಂಬುದನ್ನಷ್ಟೇ ಹೇಳಬಲ್ಲೆ. ಹೇಳಿದೆ.

ಪರದೆಯ ಮೇಲೆ ಗೆರೆ ಮೂಡಿತು. ಇಬ್ಬರೂ ಬಗ್ಗಿ ಅದನ್ನು ನೋಡಿದರು.

"ಇದ್ರಾಗ ಏನೂ ಉಳದಿಲ್ಲ ರೀ ಸರ್," ಎಂದಳು ದಾಕ್ಷಾಯಣಿ.

"ತಪ್ಪು ನಂದವಾ," ಎಂದರು ಸರ್.

ಅವಳು ಕೊಳವೆ ತೊಳೆದು ಒರೆಸಿ ಜಾಗದಲ್ಲಿಟ್ಟು ಹೋದಳು. ಇನ್ನೊಂದು ಚಿಟಿಕೆ ತೆಗೆಯಲು ಮತ್ತೆ ವರ್ಷಗಟ್ಟಲೆ ಬೇಕು, ಅಲ್ಲಿಯವರೆಗೆ ಫೆಲೋಶಿಪ್ಪೂ ಇಲ್ಲ, ನಾನೂ ಇರುವುದಿಲ್ಲ. ಅದೇ ವಾರ ನನ್ನೊಳಗಿನ ಕೊನೆಯ ಹೀಲಿಯಂ ಭುಸ್ಸೆಂದು ಬಿಳಿ ಹೊಗೆಯಾಗಿ ಹೊರಟುಹೋಯಿತು. ಜೊತೆಗೆ ನನ್ನ ಶಕ್ತಿಯೂ ಹೋಯಿತು. ಒಂದು ಗುಂಡುಸೂಜಿಯನ್ನು ಸೆಳೆಯುವ ತ್ರಾಣವೂ ಈಗ ಉಳಿದಿಲ್ಲ.

ಈಗ ನಾನಿರುವುದು ಕಾಲು ಮುರಿದ ಬೆಂಚುಗಳ ಕೋಣೆಯಲ್ಲಿ. ಚೌಕಿಮಠ ಸರ್ ನಿವೃತ್ತರಾದರು. ಮೊನ್ನೆ ಒಬ್ಬರು ಮೇಡಂ ಪಿಯುಸಿ ಹುಡುಗಿಯರನ್ನು ಕಾಲೇಜು ತೋರಿಸಲು ಕರೆತಂದಿದ್ದರು. ದನಿ ಕೇಳಿದ ಕೂಡಲೇ ಗುರುತು ಹತ್ತಿತು, ದಾಕ್ಷಾಯಣಿ. ಅವಳ ಹೆಸರಿನ ಮುಂದೆ ಡಾಕ್ಟರ್ ಸೇರಿಲ್ಲ.

"ಮೇಡಂ, ಇದು ಏನ್ ಮಾಡ್ತಿತ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು.

"ಖರೇ ಹೇಳ್ತಿತ್ತು," ಎಂದಳು ದಾಕ್ಷಾಯಣಿ. "ನನಗೂ ಒಮ್ಮೆ ಹೇಳೇತಿ. ಪಾಪ, ಇದರ ತಪ್ಪೇನೂ ಇರಲಿಲ್ಲ."

ಪಾಪ ಎಂದಳು ನನಗೆ! ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಳ್ಳು ಹೇಳುವುದು ನನ್ನಂಥ ಯಂತ್ರಕ್ಕೆ ಬರುವುದಿಲ್ಲ. ಅವತ್ತೊಂದು ದಿನ ಸುಳ್ಳು ಹೇಳಲು ಬಂದಿದ್ದರೆ, ಇದು ಹೊಸ ವಸ್ತುವೇ ತಾಯಿ, ನೀನಂದದ್ದೇ ಸರಿ ಎಂದು ಗೆರೆ ಎಳೆದು ಕೊಟ್ಟುಬಿಡುತ್ತಿದ್ದೆ. ಅದು ಸುಳ್ಳಾಗುತ್ತಿತ್ತೋ ನಿಜವೇ ಆಗುತ್ತಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.