ನರ್ಸಮ್ಮನ ಬಿಸಿನೀರು

ಮೋರಿ ಕಟ್ಟಿಕೊಂಡಿದೆ ಎಂದು ಮೊದಲು ಹೇಳಿದವರು ಕಣ್ಣು ಕಾಣದ ಅತ್ತೆ. ಹಿಂದಿನ ಕೋಣೆಯ ಮಂಚದ ಮೇಲೆ ಕೂತಿದ್ದವರು, "ಉಸಿರು ಕಟ್ಟಿದವರ ಹಾಗೆ ಸದ್ದು ಮಾಡ್ತಿದೆ ನೋಡೇ," ಎಂದರು. ಸೊಸೆ ಹೊಲಿಗೆ ಮೆಷಿನ್ ನಿಲ್ಲಿಸಿ ಹೋಗಿ ನೋಡಿದಾಗ ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು.

ಬೀದಿಯವರೆಲ್ಲ ಈ ಸೊಸೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಇಬ್ಬರೇ. ಪಕ್ಕದ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ. ಎರಡೂ ಬಚ್ಚಲಿನ ನೀರು ಇವರ ಹಿತ್ತಿಲಿನ ಚೇಂಬರಿನಲ್ಲಿ ಕೂಡಿ, ಅಲ್ಲಿಂದ ಒಂದೇ ಪೈಪಿನಲ್ಲಿ ಬೀದಿಗೆ ಹೋಗುತ್ತಿತ್ತು. ಇವರ ಮನೆ ತಗ್ಗಿನಲ್ಲಿದ್ದುದರಿಂದ ಪೈಪಿನಲ್ಲಿ ಏನು ಸಿಕ್ಕಿಕೊಂಡರೂ ಕೊಳಕು ನೀರು ಮೊದಲು ನುಗ್ಗುವುದು ಇಲ್ಲಿಗೇ.

ನರ್ಸಮ್ಮ ಬದುಕಿದ್ದಷ್ಟು ಕಾಲ ಯಾರಿಗೂ ಈ ಚಿಂತೆ ಇರಲಿಲ್ಲ. ಆಸ್ಪತ್ರೆಯಿಂದ ನಿವೃತ್ತಳಾಗಿ ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದ ಆಕೆ, ಬೆಳಿಗ್ಗೆ ಎದ್ದವಳೇ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಔಷಧಿ ಬೆರೆಸಿ ಮೋರಿಗೆ ಸುರಿಯುತ್ತಿದ್ದಳು. ಆಮೇಲೆ ಪಾತ್ರೆಯನ್ನು ಬಚ್ಚಲುಕಲ್ಲಿಗೆ ಎರಡು ಸಲ ಬಡಿಯುತ್ತಿದ್ದಳು. ಆಯಿತು, ಇನ್ನು ನೀವು ನೀರು ಬಿಡಬಹುದು ಎಂದು ಅದರ ಅರ್ಥ. ಜಿಡ್ಡು ಕಟ್ಟಿದರೆ ತೊಂದರೆಯಾಗುವುದು ತಗ್ಗಿನ ಮನೆಗೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಒಂದು ಉಪಕಾರವೆಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಅವಳು ಹೋಗಿ ವರ್ಷವಾಗಿತ್ತು. ಮನೆ ಕೊಂಡವರು ಅದನ್ನು ರಿಪೇರಿಗೆಂದು ಮೇಸ್ತ್ರಿಯೊಬ್ಬನಿಗೆ ಒಪ್ಪಿಸಿದ್ದರು. ಅವನ ಆಳುಗಳು ಛಾವಣಿ ಇಳಿಸಿ, ನಲ್ಲಿಗಳನ್ನೆಲ್ಲ ಕಿತ್ತು ಗೋಡೆಗಳನ್ನಷ್ಟೇ ಉಳಿಸಿದ್ದರು.

ಟೈಲರಮ್ಮ ಹೋಗಿ ಮೇಸ್ತ್ರಿಯನ್ನು ಕೇಳಿದಳು.

"ನಮ್ಮ ಕಡೆ ಒಂದು ತೊಟ್ಟು ನೀರಿಲ್ಲಮ್ಮ, ಮೋರಿ ಹೇಗೆ ಕಟ್ಕೊಳ್ಳುತ್ತೆ?" ಎಂದ ಅವನು. "ನಿಮ್ಮ ಬಟ್ಟೆ ಚೂರೇ ಹೋಗಿರಬೇಕು."

"ಚೂರೆಲ್ಲ ದಿಂಬಿನೊಳಗೆ ಹೋಗುತ್ತೆ. ನಿಮ್ಮೋರು ಸಾಯಂಕಾಲ ಸಿಮೆಂಟ್ ಬಾಂಡ್ಲಿ ತೊಳೀತಾರಲ್ಲ, ಆ ನೀರು ಎಲ್ಲಿಗೆ ಹೋಗುತ್ತೆ?"

ಮೇಸ್ತ್ರಿ ತಲೆ ಕೆರೆದುಕೊಂಡ. ಖಾಲಿ ಮನೆಯ ಮೋರಿ ತಾನೇ, ಯಾರಿಗೂ ಬೇಡವಾದದ್ದು ಎಂದುಕೊಂಡು ಆಳುಗಳು ಗಾರೆನೀರನ್ನು ಅದಕ್ಕೇ ಚೆಲ್ಲುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಈಗ ನೋಡೋಣ, ಆಗ ನೋಡೋಣ ಎಂದು ದಿನ ತಳ್ಳಿದ.

ನೀರು ಏರುತ್ತಾ ಹೋಗಿ ಅತ್ತೆಯ ಕೋಣೆಯ ಹೊಸ್ತಿಲನ್ನು ಮುಟ್ಟಿತು. ಒಂದು ವಿಚಿತ್ರವೆಂದರೆ ಅಲ್ಲಿಂದಾಚೆ ದಾಟಲಿಲ್ಲ. ಹಗಲೆಲ್ಲ ಹೊಸ್ತಿಲಿಗೆ ಅಂಟಿಕೊಂಡು ನಿಂತಿದ್ದ ನೀರು ಬೆಳಗಿನ ಹೊತ್ತಿಗೆ ಒಂದಿಷ್ಟು ಇಳಿದಿರುತ್ತಿತ್ತು. "ನರ್ಸಮ್ಮ ನೀರು ಹಾಕಿದಳು ಕಣೇ," ಎನ್ನುತ್ತಿದ್ದರು ಅತ್ತೆ. ವಯಸ್ಸಾಯಿತು, ಹಳೆಯದೆಲ್ಲ ಕಲಸಿಹೋಗಿದೆ ಎಂದುಕೊಂಡು ಟೈಲರಮ್ಮ ಸುಮ್ಮನಾಗುತ್ತಿದ್ದಳು.

ಅತ್ತೆಯ ಹಿರಿಮಗ, ಟೈಲರಮ್ಮನ ಭಾವ, ಬಂದು ನೋಡಿದರು. ಪ್ಯಾಂಟು ಮಡಚಿಕೊಂಡು ತಾವೇ ಬಕೆಟ್ಟಿನಲ್ಲಿ ನೀರು ಹೊತ್ತು ಹೊರಗೆ ಚೆಲ್ಲಿದರು. ಕೆಟ್ಟವರಲ್ಲ. "ಅಮ್ಮ ಜಾರಿ ಬಿದ್ರೆ ಮತ್ತೆ ಏಳಲ್ಲ. ನಾಳೆ ಸಂಜೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ," ಎಂದು ಹೇಳಿ ಹೊರಟರು. ಅವರ ಮನೆ ದೂರದ ಬಡಾವಣೆಯ ಮೂರನೇ ಮಹಡಿಯಲ್ಲಿ.

ಮಗ ಹೋದ ಮೇಲೆ ಅತ್ತೆ ಎದ್ದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ನೀರಿನ ಹೂಜಿಗೆ, ಹೂಜಿಯಿಂದ ಗೋಡೆಯ ಗೂಡಿಗೆ ಕೈಯಾಡಿಸುತ್ತಾ ಒಂದು ಸುತ್ತು ಬಂದರು. ಆ ಕೋಣೆಯಲ್ಲಿ ಅವರಿಗೆ ಯಾರ ಹಂಗೂ ಇರಲಿಲ್ಲ.

"ಅಲ್ಲಿಗೆ ಹೋದ್ರೆ ನನಗೆ ಇನ್ನೊಂದು ಸಲ ಕಣ್ಣು ಹೋದ ಹಾಗೆ," ಎಂದರು.

ಟೈಲರಮ್ಮ ಆ ಕ್ಷಣವೇ ಹೋಗಿ ಮೇಸ್ತ್ರಿಯ ಬಳಿ ಈ ಮಾತನ್ನೇ ಹೇಳಿದಳು. ಅವನು ಕೈಯಲ್ಲಿದ್ದ ಕರಣೆಯನ್ನು ಕೆಳಗಿಟ್ಟು, ಬೆಳಿಗ್ಗೆ ಪ್ಲಂಬರನನ್ನು ಕರೆತರುತ್ತೇನೆ ಎಂದು ಮಾತು ಕೊಟ್ಟ.

ಬೆಳಿಗ್ಗೆ ಅವರು ಬರುವ ಮುಂಚೆಯೇ ಅವಳು ಹಿತ್ತಿಲಿಗೆ ಹೋಗಿ ಚೇಂಬರಿನ ಮುಚ್ಚಳವನ್ನು ಸರಿಸಿದಳು. ಕೆಳಗೆ ಕೊಳಕು ನೀರು ಅಲುಗಾಡದೆ ನಿಂತಿತ್ತು. "ಈಗ ಬರ್ತಾಳೆ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಪಕ್ಕದ ಮನೆಯ ಪೈಪಿನ ಬಾಯಲ್ಲಿ ನೀರು ಗುಳುಗುಳು ಎಂದಿತು. ಅವಳು ಕೈಯೊಡ್ಡಿದಳು. ಬಿಸಿ ಹತ್ತಿತು. ತೆಳ್ಳಗೆ ಹಬೆ ಎದ್ದು, ಅದರ ಜೊತೆಗೆ ಆಸ್ಪತ್ರೆಯ ವಾರ್ಡಿನ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಗೋಡೆಯಾಚೆ ಠಣ್, ಠಣ್ ಎಂದು ಎರಡು ಸಲ ಸದ್ದಾಯಿತು.

ಟೈಲರಮ್ಮ ಇಟ್ಟಿಗೆ ಗುಡ್ಡೆಯ ಮೇಲೆ ಹತ್ತಿ ಇಣುಕಿದಳು. ನರ್ಸಮ್ಮನ ಬಚ್ಚಲಿಗೆ ಛಾವಣಿಯಿರಲಿಲ್ಲ. ನೆಲ ಒಣಗಿ ಬೆಳ್ಳಗಿತ್ತು. ಅದರ ಮೇಲೆ ಜರಡಿ ಹಿಡಿದಂತೆ ಸಿಮೆಂಟಿನ ಧೂಳು ಕೂತಿತ್ತು. ಆ ಧೂಳಿನಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಅವಳು ಇಳಿದು ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಅತ್ತೆ ಅವಳ ಒದ್ದೆ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು.

ಮೇಸ್ತ್ರಿಯೂ ಪ್ಲಂಬರನೂ ಬಂದು ಚೇಂಬರಿನ ಮುಂದಿನ ಪೈಪನ್ನು ಅಗೆದು ಸೀಳಿದರು. ಒಳಗಿನ ಸಿಮೆಂಟು ಕಲ್ಲಿನ ದಿಂಡಾಗಿತ್ತು. ಅದರ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ, ಬೆರಳು ತೂರುವಷ್ಟು ಒಂದು ತೂತು.

"ಈ ತೂತು ಇಲ್ದಿದ್ರೆ ಅಜ್ಜಿ ಮಂಚ ಎಂದೋ ತೇಲ್ತಿತ್ತು," ಎಂದು ಪ್ಲಂಬರ್ ನಕ್ಕ.

ಮೇಸ್ತ್ರಿ ನಗಲಿಲ್ಲ. ತೂತಿನೊಳಗೆ ಬೆರಳಾಡಿಸಿ ನೋಡಿದ. ಗಾಜಿನಷ್ಟು ನುಣುಪು. "ಹೊಳೆಯ ಕಲ್ಲು ಹೀಗೆ ಸವೆಯೋದಕ್ಕೆ ಒಂದು ತಲೆಮಾರು ಬೇಕು. ಈ ಸಿಮೆಂಟು ಮೊನ್ನೆ ಮೊನ್ನೆಯದು," ಎಂದ. ದಿಂಡನ್ನು ಕಸದ ರಾಶಿಗೆ ಎಸೆಯದೆ ಗೋಡೆಯ ಬುಡದಲ್ಲಿ ಮೆಲ್ಲಗೆ ಇಟ್ಟು, ಆ ಮನೆಯಲ್ಲಿ ಮೊದಲು ಯಾರಿದ್ದರು ಎಂದು ಕೇಳಿದ. ಟೈಲರಮ್ಮ ಹೇಳಿದಳು. ಬೆಳಿಗ್ಗೆ ಬೇಗ ಬರಲು ಆಳುಗಳು ಒಪ್ಪುತ್ತಿಲ್ಲ, ಯಾರೋ ಪಾತ್ರೆ ಬಡಿಯುತ್ತಾರಂತೆ, ಸೋಮಾರಿಗಳ ನೆಪ ಎಂದು ತಾನು ಬೈದಿದ್ದೆ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಹೊಸ ಪೈಪು ಕೂರಿಸಿದ ಕೂಡಲೇ ನೀರು ಸರಸರನೆ ಇಳಿದುಹೋಯಿತು. ಬಾಂಡ್ಲಿ ತೊಳೆಯಲು ಮೇಸ್ತ್ರಿ ತನ್ನ ಕಡೆ ಬೇರೆ ಗುಂಡಿ ತೋಡಿಸಿದ. ಎದ್ದುಹೋಗಿದ್ದ ಹೊಸ್ತಿಲಿನ ಗಾರೆಯನ್ನು ಮೆತ್ತುವ ಮೊದಲು, "ಅಜ್ಜಿ, ಒಂದ್ಸಲ ಕಾಲಿಟ್ಟು ನೋಡಿ. ಮೊದಲು ಇದ್ದ ಹಾಗೇ ಇರಬೇಕಲ್ಲ," ಎಂದು ಅತ್ತೆಯನ್ನು ಕರೆದ.

ಸಂಜೆ ಭಾವ ಆಟೋ ತಂದರು. ಒಣಗಿದ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿ, ಅಮ್ಮನ ಕೈಯ ಕಾಫಿ ಕುಡಿದು, ಖಾಲಿ ಆಟೋದಲ್ಲೇ ಹಿಂತಿರುಗಿದರು.

"ಸತ್ತ ಮೇಲೂ ಅವಳಿಗೆ ಬಿಡುವಿಲ್ಲ," ಎಂದರು ಅತ್ತೆ. "ನಾಳೆಯಿಂದ ನೀನು ನೀರು ಹಾಕು. ಪಾತ್ರೆ ಬಡಿಯೋದು ಮರೀಬೇಡ. ಆಯ್ತು ಅಂತ ಅವಳಿಗೂ ಗೊತ್ತಾಗಲಿ."

ಬೆಳಿಗ್ಗೆ ಟೈಲರಮ್ಮ ಕುದಿಯುವ ನೀರನ್ನು ಮೋರಿಗೆ ಸುರಿದಳು. ನೀರು ಪೂರ್ತಿ ಇಳಿಯಲಿ ಎಂದು ಖಾಲಿ ಪಾತ್ರೆಯನ್ನು ಎದೆಗವಚಿಕೊಂಡು ನಿಂತಳು.

ಠಣ್, ಠಣ್.

ಪಾತ್ರೆ ಇನ್ನೂ ಅವಳ ಎದೆಯ ಮೇಲೆಯೇ ಇತ್ತು.

"ಚೆನ್ನಾಗಿ ಬಡಿದೆ ಕಣೇ," ಎಂದು ಅತ್ತೆ ಒಳಗಿನಿಂದ ಕೂಗಿದರು. "ಥೇಟ್ ಅವಳ ಹಾಗೇ."

ಟೈಲರಮ್ಮ ಗೋಡೆಯ ಕಡೆ ನೋಡುತ್ತಾ, "ಹೂಂ ಅತ್ತೆ," ಎಂದಳು.