ಕೊಕ್ಕರೆಗಳಿಗೆ ಇಡ್ಲಿ

೧೯೮೦ರ ಆಸುಪಾಸಿನಲ್ಲಿ, ಮುಂಬಯಿಯ ಹೊರಗೆ ವಾಶಿಯ ಕೆಸರುನೆಲದ ಪಕ್ಕ ನಾನು ಹೋಟೆಲು ತೆರೆದಾಗ ಹೆಂಡತಿ ದಮಯಂತಿ ಸಿಡುಕಿದ್ದಳು: "ಇಲ್ಲಿ ಇಡ್ಲಿ ಯಾರಿಗೆ ಮಾರುದು ಮಾರಾಯ್ರೆ, ಕೊಕ್ಕರೆಗಳಿಗಾ?"

ಮುಂಬಯಿಯ ಈರುಳ್ಳಿ ಮಾರ್ಕೆಟ್ಟನ್ನು ಸರಕಾರ ಇಲ್ಲಿಗೇ ಸ್ಥಳಾಂತರಿಸುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಮೂರು ಸಲ ತಾರೀಕು ಮುಂದೆ ಹೋಯಿತು. ಮೂರು ಸಲವೂ ನೆನೆಸಿ ರುಬ್ಬಿದ್ದ ಹಿಟ್ಟು ಹುಳಿಯಾಗಿ ಗಟಾರ ಸೇರಿತು. ನಾಲ್ಕನೆಯ ತಾರೀಕನ್ನು ದಮಯಂತಿ ನಂಬಲಿಲ್ಲ. ಒಂದೇ ಸೇರು ಅಕ್ಕಿ ನೆನೆಸಿದಳು.

ಲಾರಿಗಳು ಬಂದದ್ದು ಆ ದಿನವೇ! ಎಂಟು ಗಂಟೆಗೆಲ್ಲ ಇಡ್ಲಿ ಮುಗಿಯಿತು. ಬಾಗಿಲ ತುಂಬ ಹಸಿದ ಹಮಾಲರು. ನಾನು ಬೆವರುತ್ತ ನಿಂತಿದ್ದಾಗ ಬಿಜಾಪುರದ ವ್ಯಾಪಾರಿ ಬಸಲಿಂಗಪ್ಪನವರು ತಮ್ಮ ಲಾರಿಯಿಂದ ಒಂದು ಚೀಲ ಈರುಳ್ಳಿ ತಂದು ದಮಯಂತಿಯ ಮುಂದೆ ಇಳಿಸಿದರು.

"ಇಡ್ಲಿ ಮುಗದ್ರ ಏನಾತ್ರಿ ಅಕ್ಕಾರ? ಉಳ್ಳಾಗಡ್ಡಿ ಭಜಿ ಕರೀರಿ, ಎಲ್ಲಾರೂ ತಿಂತೀವಿ."

ಸಂಜೆಯವರೆಗೂ ಬಾಣಲೆ ಒಲೆಯಿಂದ ಇಳಿಯಲಿಲ್ಲ. ಆಮೇಲೆ ನಾಳೆಯ ಅಕ್ಕಿಯ ಮಾತೆತ್ತಲು ಹೆದರುತ್ತಲೇ ಒಳಗೆ ಹೋದೆ. ದೊಡ್ಡ ಹಂಡೆಯಲ್ಲಿ ಹತ್ತು ಸೇರು ಅಕ್ಕಿ ಆಗಲೇ ನೆನೆಯುತ್ತಿತ್ತು.

"ಇಷ್ಟೊಂದು ಯಾರಿಗೆ ಮಾರಾಯ್ತಿ?"

ಈರುಳ್ಳಿ ಹೆಚ್ಚಿ ಕೆಂಪಾದ ಕಣ್ಣುಗಳಲ್ಲೇ ನಕ್ಕಳು ದಮಯಂತಿ.

"ಕೊಕ್ಕರೆಗಳಿಗೆ."