ಐದನೆಯ ಸಾಲಿನಲ್ಲಿದ್ದ ನಂಬರು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮೇಷ್ಟ್ರ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರಿಲ್ಲ, ಬರೀ ಅಂಕಿಗಳು. ಮೇಷ್ಟ್ರು ಎತ್ತಲಿಲ್ಲ. ಗುರುತಿಲ್ಲದ ಕರೆ ಎತ್ತುವುದೆಂದರೆ ಚೀಟಿ ಇಲ್ಲದ ಸೀಸೆಯ ಮುಚ್ಚಳ ತೆಗೆದು ಮೂಸಿ ನೋಡಿದ ಹಾಗೆ ಎಂಬುದು ಅವರ ಅಭಿಪ್ರಾಯ.

ಭೌತಶಾಸ್ತ್ರದಲ್ಲಿ ಪದವಿ ಪಡೆದು, ಹದಿನಾಲ್ಕು ವರ್ಷಗಳಿಂದ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪರೀಕ್ಷೆಗೆ ಜನರನ್ನು ತಯಾರು ಮಾಡುತ್ತಿದ್ದ ಅವರಿಗೆ ಪ್ರತಿಯೊಂದಕ್ಕೂ ಒಂದು ಕ್ರಮವಿತ್ತು. ಇಂಥ ಕರೆಗಳಿಗೂ ಇತ್ತು. ಮೊದಲು ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಆಮೇಲೆ, ಕರೆ ಮಾಡಿದವರ ಹೆಸರು ಹೇಳುವ ಆ್ಯಪಿಗೆ ಕೊಟ್ಟು ನೋಡುವುದು. ಅಲ್ಲೂ ಸಿಗದಿದ್ದರೆ ಇಂಟರ್ನೆಟ್ಟಿನಲ್ಲಿ ಹತ್ತೂ ಅಂಕಿಗಳನ್ನು ಹುಡುಕುವುದು. ಪತ್ತೆಯಾದ ಮೇಲೆ ಮಾತಾಡುವುದೋ ಬೇಡವೋ ಎಂಬ ಯೋಚನೆ.

ಅದೇ ನಂಬರು ಏಳೂಕಾಲಿಗೆ ಇನ್ನೊಮ್ಮೆ, ಏಳೂವರೆಗೆ ಮತ್ತೊಮ್ಮೆ ಬಂತು. ಎರಡು ಸಲವೂ ಮೇಷ್ಟ್ರು ಪತ್ತೆಯ ಕೆಲಸದಲ್ಲಿ ಮುಳುಗಿದ್ದರಿಂದ ಎತ್ತಲಾಗಲಿಲ್ಲ. ಏಳು ಐವತ್ತಕ್ಕೆ ಯಾವುದೋ ಹಳೆಯ ಪ್ರಕಟಣೆಯ ತುದಿಯಲ್ಲಿ ಆ ಅಂಕಿಗಳು ಸಿಕ್ಕವು. ಪರೀಕ್ಷಾ ಕೇಂದ್ರದ ನಂಬರು. ಅವರು ನೋಟ್‌ಬುಕ್ಕಿನಲ್ಲಿ ‘ಗುರುತು ಸಿಕ್ಕಿತು’ ಎಂದು ಬರೆದು, ಕೆಳಗೊಂದು ಗೆರೆ ಎಳೆದು, ವಾಪಸ್ ಫೋನ್ ಮಾಡಿದರು.

"ಮೂರು ಸಲ ಮಾಡಿದೆ ನಿಮಗೆ," ಅಂದಳು ಕೇಂದ್ರದ ಹುಡುಗಿ. "ಮಧ್ಯಾಹ್ನ ನಮ್ಮ ರಸ್ತೇಲಿ ಕರೆಂಟ್ ತೆಗೀತಾರಂತೆ. ಎರಡು ಗಂಟೆ ಪರೀಕ್ಷೇನ ಹತ್ತು ಗಂಟೆಗೆ ತಂದಿದೀವಿ. ನಿಮ್ಮ ಕಡೆಯವರು ಒಬ್ಬರಿದ್ದಾರಲ್ಲ, ಅವರು ಫೋನೇ ಎತ್ತುತಿಲ್ಲ. ಅರ್ಜೀಲಿ ನಿಮ್ಮ ನಂಬರೂ ಇತ್ತು."

"ಹತ್ತಕ್ಕೆ ಬರದೇ ಇದ್ದರೆ?"

"ಗೈರುಹಾಜರಿ. ಅಂದ್ರೆ ಫೇಲ್ ಲೆಕ್ಕ."

"ಬೇರೆ ದಿನ ಕೊಡಬಹುದಲ್ಲ?"

"ಕೊಡ್ತೀವಿ. ನಿನ್ನೆ ಸಂಜೆಯೊಳಗೆ ಕೇಳಬೇಕಿತ್ತು."

"ಸಮಯ ಬದಲಾಗಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ," ಅಂದಳು ಹುಡುಗಿ. ಅವಳ ದನಿಯಲ್ಲಿ ಯಾವ ಮುಜುಗರವೂ ಇರಲಿಲ್ಲ.

ಮೇಷ್ಟ್ರು ಫೋನ್ ಇಟ್ಟರು. ಅವರ ಕಡೆಯವರು ಅಂದರೆ ಕಂಬಣ್ಣ. ಐವತ್ತನಾಲ್ಕು ವರ್ಷದ ಟೆಲಿಫೋನ್ ಲೈನ್‌ಮನ್. ಮೂವತ್ತು ವರ್ಷ ಕಂಬ ಹತ್ತಿ ಇಳಿದ ಮನುಷ್ಯನಿಗೆ ಇಡೀ ತರಗತಿ ಇಟ್ಟ ಹೆಸರು ಅದು. ಅವರೇ ಹಾಜರಿ ಪುಸ್ತಕದಲ್ಲಿ ಹಾಗೆ ಸಹಿ ಮಾಡತೊಡಗಿದ್ದರು. ಈ ತಿಂಗಳ ಕೊನೆಯೊಳಗೆ ನೆಟ್‌ವರ್ಕ್ ಸರ್ಟಿಫಿಕೇಟ್ ತೋರಿಸಿದವರು ಮಾತ್ರ ಲೈನಿನ ಕೆಲಸದಲ್ಲಿ ಉಳಿಯುತ್ತಾರೆ, ಮಿಕ್ಕವರು ಗೋದಾಮಿಗೆ ಹೋಗಿ ಪೆಟ್ಟಿಗೆ ಎಣಿಸಬೇಕು ಎಂದು ಅವರ ಕಂಪನಿ ಆದೇಶ ಹೊರಡಿಸಿತ್ತು. ಕಂಬಣ್ಣ ಎರಡು ಸಲ ಕೂತು ಎರಡು ಸಲವೂ ನಪಾಸಾಗಿದ್ದರು. ಇದು ಮೂರನೆಯದು. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು; ಫೇಲಾದವರನ್ನು ಅಷ್ಟರೊಳಗೆ ಮತ್ತೆ ಕೂರಲು ಬಿಡುತ್ತಿರಲಿಲ್ಲ.

ಮೇಷ್ಟ್ರು ಫೋನ್ ಮಾಡಿದರು. ಒಮ್ಮೆ ರಿಂಗಾಯಿತು, ಎರಡನೆಯ ರಿಂಗಿನ ನಡುವೆ ಕಟ್ಟಾಯಿತು. ಮತ್ತೆ ಮಾಡಿದರು. ಮತ್ತೆ ಅಷ್ಟೇ. ಸಂದೇಶ ಕಳಿಸಿದರು, ಹೋಯಿತು, ಯಾರೂ ಓದಲಿಲ್ಲ. ಅವರು ತರಗತಿಯಲ್ಲಿ ಹೇಳಿಕೊಡುವ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತಾ ಬಂದರು. ತಮ್ಮ ಫೋನಿಗೆ ಸಿಗ್ನಲ್ ಇದೆ. ಆ ಫೋನಿಗೂ ಇದೆ, ಇಲ್ಲದಿದ್ದರೆ ರಿಂಗಾಗುತ್ತಿರಲಿಲ್ಲ. ನಂಬರು ಸರಿಯಾಗಿದೆ. ಪುಸ್ತಕದ ಪ್ರಕಾರ ನೆಟ್‌ವರ್ಕಿಗೆ ಒಟ್ಟು ಏಳು ಪದರ, ಏಳೂ ಸರಿಯಿದ್ದವು.

"ಯಾರಿಗೆ ಹಾಗೆ ಒಂದೇ ಸಮ ಕುಟ್ತಾ ಇದೀಯ?" ಎನ್ನುತ್ತಾ ಒಳಕೋಣೆಯಿಂದ ಮೇಷ್ಟ್ರ ಅಕ್ಕ ಬಂದಳು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಯಾವುದರಲ್ಲಿ ಏನು ಬೆರೆತಿದೆ ಎಂದು ಹೇಳುವುದು ಅಭ್ಯಾಸವಾಗಿಹೋಗಿತ್ತು.

ಮೇಷ್ಟ್ರು ವಿಷಯ ಹೇಳಿದರು.

"ನಿನ್ನ ಫೋನ್ ಯಾರು ಎತ್ತುತಾರೆ? ನಿನ್ನ ನಂಬರಿಂದ ಬಂದ್ರೆ ಏನು ತೋರ್ಸತ್ತೆ ಅಂತ ನೋಡಿದೀಯ ಯಾವತ್ತಾದ್ರೂ?"

ನೋಡಿರಲಿಲ್ಲ. ಜಗತ್ತಿನ ನಂಬರನ್ನೆಲ್ಲ ಆ ಆ್ಯಪಿಗೆ ಹಾಕಿ ನೋಡಿದ್ದ ಮೇಷ್ಟ್ರು ತಮ್ಮದನ್ನು ಹಾಕಿರಲಿಲ್ಲ. ಅಕ್ಕ ತನ್ನ ಫೋನಿನಲ್ಲಿ ಹಾಕಿ ಮುಂದೆ ಹಿಡಿದಳು. ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ: ‘ಕೋರ್ಸ್ ಕಾಟ. ಎತ್ತಬೇಡಿ. 214 ಜನರ ದೂರು.’

ಅದು ಅವರು ಪಾಠ ಹೇಳುವ ಸಂಸ್ಥೆಯವರು ಕೊಟ್ಟ ನಂಬರು. ಮೇಷ್ಟ್ರ ಕೈಗೆ ಬರುವ ಮೊದಲು ಪ್ರವೇಶ ವಿಭಾಗದ ಹುಡುಗರು ಅದೇ ನಂಬರಿನಿಂದ ಮೂರು ವರ್ಷ ಕಂಡಕಂಡವರಿಗೆಲ್ಲ ಫೋನ್ ಮಾಡಿ, ನೆಟ್‌ವರ್ಕ್ ಕಲಿಯುತ್ತೀರಾ ಎಂದು ಪ್ರಾಣ ಹಿಂಡಿದ್ದರು.

"ಇನ್ನೂರ ಹದಿನಾಲ್ಕು ಜನ," ಅಂದರು ಮೇಷ್ಟ್ರು.

"ಅದರಲ್ಲಿ ಒಂದು ನಂದು," ಅಂದಳು ಅಕ್ಕ. "ನೀನು ಮೊದಲನೇ ದಿನ ಈ ನಂಬರಿಂದ ಮಾಡಿದ್ಯಲ್ಲ, ಆವಾಗ ನೀನು ಅಂತ ಗೊತ್ತಾಗ್ಲಿಲ್ಲ. ಗೊತ್ತಾದ ಮೇಲೂ ತೆಗೆಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಅವಳ ಫೋನಿನಿಂದಲೂ ಮಾಡಿ ನೋಡಿದರು. ಅವಳ ನಂಬರಿನ ಮೇಲೆ ಒಂದೂ ದೂರಿರಲಿಲ್ಲ. ಆದರೂ ಎರಡನೆಯ ರಿಂಗಿನ ನಡುವೆ ಕಟ್ಟಾಯಿತು. ಆ ಕಡೆ ಇದ್ದವರು ಯಾರೇ ಆಗಲಿ, ಭೇದಭಾವ ಮಾಡುತ್ತಿರಲಿಲ್ಲ.

"ಅಲ್ಲ, ಆ ಕೇಂದ್ರದ ಕರೇನ ಏಳೂ ಹತ್ತಕ್ಕೇ ಎತ್ತಿದ್ರೆ ಇಷ್ಟು ಹೊತ್ತಿಗೆ ಅವರ ಮನೇಲಿರ್ತಿದ್ದೆ," ಅಂದಳು ಅಕ್ಕ. "ಏನು ಮಾಡ್ತಿದ್ದೆ ಅಷ್ಟು ಹೊತ್ತು?"

"ಯಾರು ಅಂತ ನೋಡ್ತಿದ್ದೆ."

"ಎತ್ತಿ ಯಾರು ಅಂತ ಕೇಳಿದ್ರೆ ಅವರೇ ಹೇಳ್ತಿದ್ರು."

ಈ ವಿಧಾನ ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಅವರು ಹದಿನೇಳನೆಯ ಕರೆಯೂ ಕಟ್ಟಾದ ಮೇಲೆ ಎಂಟು ಇಪ್ಪತ್ತಕ್ಕೆ ಸ್ಕೂಟರ್ ಹೊರಗೆ ತೆಗೆದರು.

ಕಂಬಣ್ಣನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು, ಒಂದೇ ಥರದ ಹನ್ನೆರಡು ಮನೆಗಳ ಸಾಲಿನಲ್ಲಿ. ಒಂಬತ್ತು ಗಂಟೆ ದಾಟಿ ಐದು ನಿಮಿಷಕ್ಕೆ ಅವರು ಕರೆಗಂಟೆ ಒತ್ತಿದಾಗ ಕಬ್ಬಿಣದ ಜಾಲರಿಯ ಬಾಗಿಲ ಆಚೆ ಒಬ್ಬ ಹೆಂಗಸು ಬಂದು ನಿಂತರು. ಕಂಬಣ್ಣನ ಹೆಂಡತಿ. ಒಂದು ಕೈಯಲ್ಲಿ ಗಂಡನ ಫೋನು, ಇನ್ನೊಂದರಲ್ಲಿ ರಟ್ಟಿಗೆ ಅಂಟಿಸಿದ ಒಂದು ಕಾಗದ.

"ಅಮ್ಮಾ, ನಾನು ಕಂಬಣ್ಣನವರ ಮೇಷ್ಟ್ರು. ಪರೀಕ್ಷೆ ಹತ್ತು ಗಂಟೆಗೆ ಬಂದಿದೆ. ಅವರನ್ನ ಕರೀರಿ."

"ಪರೀಕ್ಷೆ ಎರಡು ಗಂಟೆಗೆ," ಅಂದರು ಆಕೆ.

"ಬದಲಾಗಿದೆ. ಅದನ್ನ ಹೇಳೋಕೇ ಹದಿನೇಳು ಸಲ ಫೋನ್ ಮಾಡಿದೆ."

"ಹದಿನೇಳು ಸಲ ಮಾಡಿದ್ದು ನೀವಾ?" ಆಕೆ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಈಗ ಮಾಡಿ ನೋಡಣ."

ಮೇಷ್ಟ್ರು ಬಾಗಿಲ ಮುಂದೆ ನಿಂತು, ಎರಡು ಅಡಿ ದೂರದಲ್ಲಿದ್ದ ಫೋನಿಗೆ ಕರೆ ಮಾಡಿದರು. ಆಕೆಯ ಕೈಯಲ್ಲಿ ಅದು ರಿಂಗಾಯಿತು. ಪರದೆ ಕೆಂಪಾಯಿತು. ಆಕೆ ಗಮನವಿಟ್ಟು ಓದಿ, ಎರಡನೆಯ ರಿಂಗಿನ ನಡುವೆ ಕಟ್ ಮಾಡಿದರು.

"ಹೌದು. ಕೋರ್ಸ್ ಕಾಟ. ನೀವೇ," ಎಂದು ಚಿಲಕ ತೆಗೆದರು.

ಕಂಬಣ್ಣ ಸ್ನಾನಕ್ಕೆ ಹೋಗಿದ್ದರು. ಆಕೆ ಬಚ್ಚಲಿನ ಬಾಗಿಲು ತಟ್ಟಿ, "ರೀ, ಬೇಗ ಬನ್ನಿ. ಹತ್ತಕ್ಕಂತೆ," ಅಂದರು. ಒಳಗೆ ಚೊಂಬು ಬಿದ್ದ ಸದ್ದಾಯಿತು.

"ನನ್ನ ಕರೇನ ಯಾಕೆ ಕಟ್ ಮಾಡ್ತಿದ್ರಿ ಅಮ್ಮಾ?" ಎಂದು ಮೇಷ್ಟ್ರು ಕೇಳಿದರು. ಆಕೆ ರಟ್ಟನ್ನು ಅವರ ಕೈಗೆ ಕೊಟ್ಟರು. ಓದುವಾಗ ಕಂಡವರ ಕರೆ ಬಂದು ತಲೆ ಕೆಡುತ್ತದೆಂದು ಕಂಬಣ್ಣ ಹದಿನೈದು ದಿನದಿಂದ ಫೋನನ್ನು ಹೆಂಡತಿಗೆ ಒಪ್ಪಿಸಿದ್ದರು; ಜೊತೆಗೆ ಈ ಪಟ್ಟಿ. ದಪ್ಪ ಅಕ್ಷರದಲ್ಲಿ ಐದು ಸಾಲಿತ್ತು.

1. ಮಗಳು: ಎತ್ತು.
2. ಆಫೀಸಿನ ಸಾಹೇಬರು: ಎತ್ತು.
3. ಗ್ಯಾಸಿನವರು: ಎತ್ತು.
4. ಬೇರೆ ಯಾರೇ ಆಗಲಿ: ಕಟ್ ಮಾಡು.
5. ಮೇಷ್ಟ್ರು: ಎತ್ತು.

ಐದನೆಯದರ ಮುಂದೆ ಅವರ ನಂಬರು ಹತ್ತೂ ಅಂಕಿ ತಪ್ಪಿಲ್ಲದೆ ಇತ್ತು. ಶಾಯಿ ಬೇರೆ. ಮೊದಲು ಮರೆತು, ಆಮೇಲೆ ನೆನಪಾಗಿ, ಕೆಳಗೆ ಜಾಗ ಇದ್ದ ಕಡೆ ಬರೆದದ್ದು.

"ಇಲ್ಲಿದೆಯಲ್ಲಮ್ಮಾ ನನ್ನ ನಂಬರು. ಐದನೇ ಸಾಲು."

"ಇದೆ. ಇಲ್ಲ ಅಂದ್ನಾ?" ಆಕೆಯ ದನಿ ಸ್ವಲ್ಪವೂ ಏರಲಿಲ್ಲ. "ಮೇಲಿಂದ ಓದ್ಕೊಂಡು ಬಾ, ಯಾವ ಸಾಲು ಹೊಂದತ್ತೋ ಅದು ಹೇಳಿದ ಹಾಗೆ ಮಾಡು, ಅಲ್ಲಿಗೆ ನಿಲ್ಲಿಸು, ಕೆಳಗೆ ಓದ್ಬೇಡ ಅಂತ ಹೇಳಿದಾರೆ. ನೀವು ಮಗಳಲ್ಲ. ಸಾಹೇಬರಲ್ಲ. ಗ್ಯಾಸಿನವರಲ್ಲ. ನಾಲ್ಕನೇದಕ್ಕೆ ಬಂದ್ರಿ. ಅಲ್ಲಿಗೆ ನಿಲ್ಲಿಸ್ದೆ. ಐದನೇದು ಅಂತ ಒಂದಿದೆ ಅಂತ ನಂಗೊತ್ತು, ಆದ್ರೆ ಅಲ್ಲಿವರೆಗೆ ಹೋಗೋದು ಹೇಗೆ, ನೀವೇ ಹೇಳಿ."

ಮೇಷ್ಟ್ರು ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿದರು. ನೆಟ್‌ವರ್ಕಿನ ಬಾಗಿಲು ಕಾಯುವ ಯಂತ್ರಕ್ಕೆ ಕೊಡುವ ಪಟ್ಟಿಯ ನಿಯಮ ಇದೇ, ಅಕ್ಷರಶಃ ಇದೇ. ಹದಿನಾಲ್ಕು ವರ್ಷದಲ್ಲಿ ಮುನ್ನೂರು ಜನಕ್ಕೆ ಇದನ್ನು ಕಲಿಸಿದ್ದರು. ಎಲ್ಲರನ್ನೂ ತಡೆ ಎಂಬ ಸಾಲು ಬಂದ ಮೇಲೆ ಅದರ ಕೆಳಗೆ ಏನು ಬರೆದರೂ ಅದು ಇದ್ದೂ ಇಲ್ಲದ ಹಾಗೆ. ಕಂಬಣ್ಣ ಎರಡು ಸಲ ನಪಾಸಾದದ್ದು ಇದೊಂದೇ ಪಾಠದಲ್ಲಿ. ನಿಯಮವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಈ ಮನೆಯಲ್ಲಿ ಒಬ್ಬರಿದ್ದಾರೆ, ಆದರೆ ಪರೀಕ್ಷೆಗೆ ಕೂರುವವರು ಅವರಲ್ಲ ಎಂಬುದನ್ನು ಮೇಷ್ಟ್ರು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

ಕಂಬಣ್ಣ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು, ತಲೆಯಿಂದ ನೀರು ಸುರಿಸುತ್ತಾ ಬಂದರು. ಮೇಷ್ಟ್ರು ತಂದಿದ್ದ ಅಕ್ಕನ ಹೆಲ್ಮೆಟ್ಟು ಅವರ ತಲೆಯ ಮೇಲೆ ಮುಚ್ಚಳದ ಹಾಗೆ ಕೂತಿತು. ಅದನ್ನು ತೆಗೆದಿಟ್ಟು ಕಂಬ ಹತ್ತುವಾಗ ಹಾಕುವ ಹಳದಿ ಹೆಲ್ಮೆಟ್ಟು ಏರಿಸಿದರು. ಹೆಂಡತಿ ಪ್ರವೇಶಪತ್ರವನ್ನೂ ಗುರುತಿನ ಚೀಟಿಯನ್ನೂ ಅವರ ಜೇಬಿಗೆ ತುರುಕಿ, ಜೇಬಿನ ಗುಂಡಿ ಹಾಕಿದರು. ಸ್ಕೂಟರ್ ಹೊರಟಾಗ ಒಂಬತ್ತು ಇಪ್ಪತ್ತೆರಡು.

ಮೊದಲನೆಯ ಸಿಗ್ನಲ್ಲಿನಲ್ಲಿ ಕಂಬಣ್ಣ ಹಿಂದಿನಿಂದ ಕೇಳಿದರು: "ಒಂದು ಫೋನ್ ಮಾಡ್ಬಾರ್ದಿತ್ತಾ ಸಾರ್?"

"ಮಾಡಿದೆ."

"ನಿಮ್ಮ ನಂಬರು ಪಟ್ಟೀಲಿ ಬರ್ದಿದ್ನಲ್ಲ."

"ಬರ್ದಿದ್ರಿ. ನೋಡ್ದೆ."

ಮೇಷ್ಟ್ರು ಅಷ್ಟಕ್ಕೇ ಬಿಟ್ಟರು. ಹೇಳಿಬಿಡಲು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಪರೀಕ್ಷೆಗೆ ಅರ್ಧ ಗಂಟೆ ಇರುವಾಗ ಒಬ್ಬ ಮನುಷ್ಯನಿಗೆ, ನಿನ್ನ ಲೈನಿನ ಕೆಲಸ ಹೋಗುವುದರಲ್ಲಿತ್ತು, ಅದೂ ನೀನೇ ಬರೆದ ಪಟ್ಟಿಯಿಂದ ಎಂದು ಹೇಳಿದರೆ ಅವನ ತಲೆ ಕೆಡುತ್ತದೋ ಚುರುಕಾಗುತ್ತದೋ, ಅವರಿಗೆ ಗೊತ್ತಿರಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಕ್ರಮವಿರಲಿಲ್ಲ.

ಎರಡನೆಯ ಸಿಗ್ನಲ್ ಹಸಿರಿತ್ತು. ಮೂರನೆಯದರಲ್ಲಿ ನಿಂತಾಗ ಬೆನ್ನಿಗೆ ಹಳದಿ ಹೆಲ್ಮೆಟ್ಟು ಟಕ್ಕೆಂದು ತಾಗಿತು.

"ಸಾರ್. ‘ಕಟ್ ಮಾಡು’ ಅನ್ನೋದರ ಕೆಳಗೆ ಬರ್ದುಬಿಟ್ನಾ ನಿಮ್ಮನ್ನ?"

"ಹೂಂ."

"ಅಂದ್ರೆ ಅವಳು ಸರಿ."

"ಪೂರ್ತಿ ಸರಿ."

"ನಿಮ್ಮನ್ನ ಮೇಲೆ ಬರೀಬೇಕಿತ್ತು. ಎಲ್ಲರನ್ನೂ ತಡಿಯೋಕೆ ಮುಂಚೆ."

"ಎಲ್ಲಿ?"

"ಒಂದರಿಂದ ಮೂರರ ಮಧ್ಯೆ ಎಲ್ಲಾದ್ರೂ. ನಾಲ್ಕಕ್ಕಿಂತ ಮೇಲಿದ್ರೆ ಆಯ್ತು."

"ಕೆಳಗೆ ಬರೆದ್ರೆ?"

"ಕಂಬ ನೆಟ್ಟು ತಂತಿ ಎಳೀದೇ ಇದ್ದ ಹಾಗೆ ಸಾರ್. ನೋಡೋಕೆ ಕಾಣತ್ತೆ, ಏನೂ ಹರಿಯಲ್ಲ."

ಹದಿನಾಲ್ಕು ವರ್ಷದಲ್ಲಿ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿರಲಿಲ್ಲ. ಅವರು ಸ್ಕೂಟರಿನ ವೇಗ ಹೆಚ್ಚಿಸಿದರು. ಅದು ಹೆಚ್ಚಾದದ್ದು ಅವರಿಬ್ಬರಿಗೆ ಮಾತ್ರ ಗೊತ್ತಾಯಿತು.

ಕೇಂದ್ರ ತಲುಪಿದಾಗ ಹತ್ತಕ್ಕೆ ಐದು ನಿಮಿಷವಿತ್ತು. ಬಾಗಿಲಲ್ಲಿದ್ದ ಕಾವಲುಗಾರ ಹಳದಿ ಹೆಲ್ಮೆಟ್ಟು ನೋಡಿ ಕೈ ಅಡ್ಡ ಹಿಡಿದ. "ಕರೆಂಟಿನವರು ಹಿಂದಿನ ಗೇಟಿಂದ ಬರ್ಬೇಕು. ಅದೂ ಮಧ್ಯಾಹ್ನ."

"ನಾನು ಪರೀಕ್ಷೆ ಬರೆಯೋಕೆ ಬಂದಿರೋದು."

"ನೀವಾ?" ಅಂದ ಕಾವಲುಗಾರ.

ಕಂಬಣ್ಣ ಜೇಬಿನ ಗುಂಡಿ ಬಿಚ್ಚಲು ಹೋದರು. ಹೆಂಡತಿ ಹಾಕಿದ ಗುಂಡಿ ಬಿಗಿಯಾಗಿತ್ತು. ಕಾವಲುಗಾರ ಪ್ರವೇಶಪತ್ರದ ಫೋಟೋ ನೋಡಿದ, ಮುಖ ನೋಡಿದ, ಹೆಲ್ಮೆಟ್ಟು ತೆಗೆಸಿ ಇನ್ನೊಮ್ಮೆ ನೋಡಿದ. "ಫೋಟೋದಲ್ಲಿ ತಲೆ ಒಣಗಿದೆ," ಎಂದು ಹೇಳಿ ಒಳಗೆ ಬಿಟ್ಟ. ಎರಡು ನಿಮಿಷ ಕಳೆದು ಬಾಗಿಲು ಹಾಕಿದ.

ಮೇಷ್ಟ್ರು ಹೆಲ್ಮೆಟ್ಟು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಎರಡು ಗಂಟೆ ಕೂತರು. ಮಾಡಲು ಏನೂ ಇರಲಿಲ್ಲ. ಪಟ್ಟಿಯ ಮೇಲೆ ಎಷ್ಟು ಪ್ರಶ್ನೆ ಬಂದಿರಬಹುದೆಂದು ಅಂದಾಜು ಹಾಕಿದರು, ಅಂದಾಜು ಹಾಕುವುದರಿಂದ ಪ್ರಶ್ನೆಗಳು ಬದಲಾಗುವುದಿಲ್ಲವೆಂದು ಬಿಟ್ಟರು, ಮತ್ತೆ ಹಾಕಿದರು. ಗೋಡೆಯ ಮೇಲಿದ್ದ ಸೂಚನೆಗಳನ್ನು ಓದಿದರು. ಅವುಗಳಲ್ಲಿ ಎರಡು ತಪ್ಪುಗಳಿದ್ದವು.

ಹನ್ನೆರಡೂ ಹತ್ತಕ್ಕೆ ಕಂಬಣ್ಣ ಹೊರಗೆ ಬಂದು, ಕೈಯಲ್ಲಿದ್ದ ಮುದ್ರಿತ ಹಾಳೆಯನ್ನು ಕೊಟ್ಟು ಪಕ್ಕದಲ್ಲಿ ಕೂತರು. ಸಾವಿರಕ್ಕೆ ಎಂಟುನೂರು ಬೇಕಿತ್ತು. ಎಂಟುನೂರ ಹನ್ನೆರಡು ಬಂದಿತ್ತು.

"ಪಾಸು," ಅಂದರು ಮೇಷ್ಟ್ರು. ಇನ್ನೊಮ್ಮೆ ಅದನ್ನೇ ಅಂದರು.

"ಹೂಂ ಸಾರ್. ಇನ್ನು ನಿವೃತ್ತಿ ಆಗೋವರೆಗೂ ಕಂಬವೇ. ಬಿಸಿಲಲ್ಲಿ."

"ಅದಕ್ಕೇ ಅಲ್ವಾ ಓದಿದ್ದು?"

"ಅದಕ್ಕೇ. ಆದ್ರೆ ಮೊನ್ನೆ, ಯಾವುದಕ್ಕೂ ಇರ್ಲಿ ಅಂತ ಗೋದಾಮಿಗೆ ಹೋಗಿ ನೋಡ್ಕೊಂಡು ಬಂದೆ." ಕಂಬಣ್ಣ ನಿಟ್ಟುಸಿರು ಬಿಟ್ಟರು. "ನಂಗೆ ಅಂತ ಒಂದು ಕುರ್ಚಿ ತೆಗೆದಿಟ್ಟಿದ್ರು ಸಾರ್. ಕೈ ಇರೋ ಕುರ್ಚಿ. ಸರಿಯಾಗಿ ಅದರ ಮೇಲೆ ಫ್ಯಾನು."

"ಪಾಪ," ಅಂದರು ಮೇಷ್ಟ್ರು.

"ತಿರುಗೋ ಕುರ್ಚಿ ಬೇರೆ."

ಅವರು ಎದ್ದು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ತಕ್ಷಣ ಹೊರಗೆ ತೆಗೆದು ಬಿಡಿಸಿ ನೋಡಿ, ಮತ್ತೆ ಮಡಿಚಿಟ್ಟರು. ಆಮೇಲೆ ಆ ಕುರ್ಚಿಗೆ ಚಕ್ರಗಳೂ ಇದ್ದವೆಂದು ಮೇಷ್ಟ್ರಿಗೆ ಬಹಳ ಬೇಸರದಿಂದ ತಿಳಿಸುತ್ತಾ, ಐವತ್ತನಾಲ್ಕರ ಕಂಬಣ್ಣ ಎರಡೆರಡು ಮೆಟ್ಟಿಲು ಒಟ್ಟಿಗೆ ದಾಟಿ ಕೆಳಗಿಳಿಯತೊಡಗಿದರು.